ಉಳಿ ಹಿಡಿಸಿದ ಕೈ

ಶ್ರಾವಣ ಹಿಡಿಯಿತೆಂದರೆ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಮಣೆಗಳ ಓಡಾಟ ಶುರು. ಅಟ್ಟದಿಂದ ಇಳಿಸಿದ ಮಣೆಯನ್ನು ತೊಳೆದು ಗಣಪತಿ ಮಾಡುವವರ ಮನೆಗೆ ಮುಟ್ಟಿಸಿ ಬರಬೇಕು. ಅದರ ಮೇಲೆ ಮಣ್ಣು ಕೂತು, ಬಣ್ಣ ಬಂದು, ಚೌತಿಗೆ ದೇವರಾಗಿ ಮನೆಗೆ ಮರಳುತ್ತದೆ. ಬೆಳಕೆಯಂಥ ಊರಿನಲ್ಲಿ ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ ಗಣಪತಿ ಮಾಡುವ ಚಾವಡಿಗಿಂತ ಒಳ್ಳೆಯ ಜಾಗ ಮಕ್ಕಳಿಗೆ ಇನ್ನೊಂದಿಲ್ಲ. ಹೋಗಿ ಕೂರುತ್ತಾರೆ, ಯಾರೂ ಏಳಿಸುವುದಿಲ್ಲ. ನೋಡಲು ಅಡ್ಡಿಯಿಲ್ಲ.

ನೋಡಿದ್ದೆಲ್ಲ ಕೈಗೆ ಬರುವುದಿಲ್ಲ, ಅಷ್ಟೆ. ಮನೆಗೆ ಹೋಗಿ ಗದ್ದೆಯ ಮಣ್ಣು ತಂದು ತಾನೂ ಒಂದು ಗಣಪತಿ ಮಾಡುತ್ತೇನೆಂದು ಹೊರಟ ಹುಡುಗ ಸೊಂಡಿಲಿನ ಹತ್ತಿರ ಸೋಲುತ್ತಾನೆ. ಹೊಟ್ಟೆ ದಪ್ಪ, ಸೊಂಡಿಲು ತೆಳು. ತೆಳುವಾದದ್ದು ಬೇಗ ಒಣಗಿ ಕುಗ್ಗುತ್ತದೆ. ಹೊಟ್ಟೆ ಇನ್ನೂ ಹಸಿಯಾಗಿಯೇ ಇರುತ್ತದೆ. ಎರಡೂ ಸೇರುವ ಕಡೆ ಬಿರುಕು ಬಿಟ್ಟು ಒಂದು ಬೆಳಿಗ್ಗೆ ಸೊಂಡಿಲು ಕೆಳಗೆ ಬಿದ್ದಿರುತ್ತದೆ. ಮಣ್ಣಿಗೆ ಅರಳೆ ಬೆರೆಸಿ ಕುಟ್ಟಬೇಕು, ಅಂಟಿಸುವ ಎರಡೂ ಮುಖಗಳನ್ನು ಗೀರಿ ತೆಳ್ಳಗಿನ ಕೆಸರು ಸವರಬೇಕು, ಸೊಂಡಿಲಿಗೆ ಒದ್ದೆ ಬಟ್ಟೆ ಹೊದಿಸಿ ಅದು ಹೊಟ್ಟೆಯ ಜೊತೆಜೊತೆಗೇ ಒಣಗುವಂತೆ ನೋಡಿಕೊಳ್ಳಬೇಕು. ಹೇಳಲು ಎರಡು ನಿಮಿಷ ಸಾಕು. ಯಾರೂ ಹೇಳದಿದ್ದರೆ ವರ್ಷಗಳು ಬೇಕು. ಚೌತಿ ಬರುವುದು ವರ್ಷಕ್ಕೆ ಒಂದೇ ಸಲ ತಾನೆ?

ಈ ಎರಡು ನಿಮಿಷದ ಬಗ್ಗೆಯೇ ನನ್ನ ಯೋಚನೆ. ಕೊಡುವವನಿಗೆ ಇಷ್ಟು ಅಗ್ಗವಾದ, ಪಡೆಯುವವನಿಗೆ ಇಷ್ಟು ದುಬಾರಿಯಾದ ವಸ್ತು ಲೋಕದಲ್ಲಿ ಬೇರೆ ಯಾವುದಿದೆ? ಆದರೂ ಅದನ್ನು ಕೊಡುವವರು ಯಾಕೆ ಇಷ್ಟು ಕಡಿಮೆ?

ಸಲೀಸಾದ ಉತ್ತರ ಒಂದಿದೆ. ಕುಶಲಕರ್ಮಿಗಳು ಹೊಟ್ಟೆಕಿಚ್ಚಿನವರು, ವಿದ್ಯೆ ಮುಚ್ಚಿಟ್ಟುಕೊಂಡು ಸಾಯುತ್ತಾರೆ, ನಮ್ಮ ದೇಶದ ಎಷ್ಟೋ ಕಲೆಗಳು ಹಾಗೆಯೇ ಮಣ್ಣಾದವು ಎಂಬ ಮಾತು. ಸಭೆಗಳಲ್ಲಿ ಇದನ್ನು ಹೇಳುವವರು ಬಹುಮಟ್ಟಿಗೆ ತಿಂಗಳ ಸಂಬಳದವರು. ನನಗೆ ಈ ಮಾತು ಒಪ್ಪಿಗೆಯಿಲ್ಲ.

ನಮ್ಮ ಗುಡಿಗಾರರನ್ನೇ ನೋಡಿ. ಗೋವೆಯ ಕಡೆಯಿಂದ ಬಂದು ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಸಾಗರ, ಸೊರಬಗಳಲ್ಲಿ ನೆಲೆಸಿದವರೆಂದು ಪ್ರತೀತಿ. ಗಂಧದ ಕೆತ್ತನೆಗೆ ಇವರ ಹೆಸರು ಕಡಲಾಚೆಗೂ ಹೋಯಿತು. ಹಿಂದೆ ದಂತದಲ್ಲೂ ಕೆತ್ತುತ್ತಿದ್ದರು. ಮದುವೆಯ ಬಾಸಿಂಗಕ್ಕೆ ಬೆಂಡು ಕೊರೆಯುವ ಕೈಯೂ ಅದೇ, ಚೌತಿಗೆ ಮಣ್ಣು ಮಿದಿಯುವ ಕೈಯೂ ಅದೇ. ಗಂಧದ ಕೊರಡಿನ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಚಿತ್ರ ಬರೆದು, ಗೆರೆ ಹಿಡಿದು ಮೊನೆಯುಳಿಯಿಂದ ಕೊರೆದುಕೊಂಡು, ಆಮೇಲೆ ಸುತ್ತಲಿನ ಮರವನ್ನು ಆಳಕ್ಕೆ ಇಳಿಸುತ್ತ ಹೋಗುವುದು ಹಳೆಯ ಕ್ರಮ. ಪುಟ್ಟ ಪೆಟ್ಟಿಗೆಯೊಂದರ ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯೊಳಗೆ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಮತ್ತೊಂದು ಎಲೆ. ಆ ಪೆಟ್ಟಿಗೆಗೆ ವಾರಗಳು ಹಿಡಿಯುತ್ತವೆ.

ಈ ವಿದ್ಯೆ ಮನೆಯೊಳಗೇ ಉಳಿದದ್ದು ನಿಜ. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ. ಇದರಲ್ಲಿ ಜಾತಿಯ ಬೇಲಿಯಿದೆ, ಅದನ್ನು ಬಣ್ಣ ಹಚ್ಚಿ ಮುಚ್ಚುವುದು ಬೇಡ. ಆದರೆ ಬೇಲಿಯ ಒಳಗಿದ್ದವರ ಹತ್ತಿರ ಬೇರೆ ಏನಿತ್ತು? ತೋಟವಿರಲಿಲ್ಲ, ಗದ್ದೆ ಬಹಳವಿರಲಿಲ್ಲ. ಗಂಧದ ಮರವಂತೂ ತಲೆತಲಾಂತರ ಸರ್ಕಾರದ ಸೊತ್ತು. ತನ್ನ ಜಮೀನಿನಲ್ಲಿ ಬೆಳೆದ ಗಂಧವೂ ತನ್ನದೆನ್ನಲು ಬೆಳೆಗಾರ 2001ರ ಕಾಯ್ದೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಮರ ತೂಕಕ್ಕೆ ಬರುತ್ತದೆ, ಕೆತ್ತಿ ಉದುರಿದ ಚಕ್ಕೆಗೂ ಬೆಲೆಯಿದೆ, ಲೆಕ್ಕವಿದೆ. ಹೊಸಬನ ಕೈಗೆ ಅಂಥ ಮರ ಕೊಟ್ಟು 'ಕಲಿ' ಎನ್ನುವುದೆಂದರೆ ರೊಕ್ಕವನ್ನು ಒಲೆಗೆ ಹಾಕಿದ ಹಾಗೆ. ಅದಕ್ಕೇ ಕಲಿಯುವವರಿಗೆ ಶಿವನಿ ಮರ. ಈಗ ಗಂಧ ಸಿಗುವುದೇ ದುರ್ಲಭವಾಗಿ ಕಲಿತವರೂ ಶಿವನಿ, ಸಾಗುವಾನಿಗೆ ಬಂದು ನಿಂತಿದ್ದಾರೆ. ಇಂಥ ಸಂಸಾರದಲ್ಲಿ ಗುಟ್ಟು ಎಂದರೆ ಅಕ್ಕಿಯ ಮುಡಿ. ಅದನ್ನು ಬೀದಿಯಲ್ಲಿಟ್ಟು ಹಂಚಲಿಲ್ಲವೆಂದು ಯಾರನ್ನಾದರೂ ಬೈಯುವ ಮೊದಲು ನಮ್ಮ ಮನೆಯ ಕಣಜದ ಬಾಗಿಲು ಎಷ್ಟು ತೆರೆದಿದೆ ನೋಡಿಕೊಳ್ಳಬೇಕು.

ಹಾಗಿದ್ದೂ ಹಂಚುವವರು ಇದ್ದಾರಲ್ಲ, ಅದೇ ಸೋಜಿಗ. ಅದಕ್ಕೇ ಅದಕ್ಕೆ ಬೆಲೆ.

ನಮಗೆಲ್ಲ ಗೊತ್ತಿರುವ ಶಿಲ್ಪಿ ಜಕಣಾಚಾರಿಯ ಕತೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಬೇಕೆನ್ನಿಸುತ್ತದೆ. ಇತಿಹಾಸ ಬರೆಯುವವರು ಅವನನ್ನು ನಿಜ ವ್ಯಕ್ತಿಯೆಂದು ಒಪ್ಪುವುದಿಲ್ಲ, ಇರಲಿ. ಕತೆಯ ಪ್ರಕಾರ ಬೇಲೂರಿನಲ್ಲಿ ಅವನು ಕೆತ್ತಿದ ವಿಗ್ರಹ ಸಿದ್ಧವಾಗಿದೆ. ಎಲ್ಲಿಂದಲೋ ಬಂದ ಹುಡುಗ ಡಂಕಣ, 'ಈ ಕಲ್ಲಿನಲ್ಲಿ ದೋಷವಿದೆ' ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆನೆಂದು ಆಚಾರಿ ಪಣ ತೊಡುತ್ತಾನೆ. ವಿಗ್ರಹದ ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಒಂದು ಕಪ್ಪೆ. ಆಚಾರಿ ಕೈ ಕಡಿದುಕೊಳ್ಳುತ್ತಾನೆ. ಆ ಹುಡುಗ ಅವನ ಮಗನೇ ಎಂದು ಆಮೇಲೆ ತಿಳಿಯುತ್ತದೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ದೇವರು ಕೈ ಮರಳಿ ಕೊಡುತ್ತಾನೆ.

ಶಾಲೆಯಲ್ಲಿ ನಮಗೆ ಇದನ್ನು ಸ್ವಾಭಿಮಾನದ ಕತೆಯೆಂದು ಹೇಳಿಕೊಟ್ಟರು. ನಾಟಕ, ಸಿನಿಮಾಗಳೂ ಕಡಿದ ಕೈಯನ್ನೇ ದೊಡ್ಡದು ಮಾಡಿದವು. ಆದರೆ ಕತೆಯ ನಡುವೆ ಒಂದು ಉಪಾಯ ಕೂತಿದೆ, ಅದನ್ನು ಯಾರೂ ಗಮನಿಸುವುದಿಲ್ಲ: ಕಲ್ಲಿನೊಳಗಿನ ಪಸೆಯನ್ನು ಹೊರಗಿನ ಗಂಧ ಒಣಗುವ ರೀತಿಯಿಂದ ಓದುವುದು. ಎಷ್ಟು ಚೆಂದದ ಪರೀಕ್ಷೆ! ಉಳಿ ಬೇಡ, ಪೆಟ್ಟು ಬೇಡ, ವಿಗ್ರಹಕ್ಕೆ ಗಾಯವಾಗುವುದಿಲ್ಲ. ಒಬ್ಬ ಕಿರಿಯ ಇನ್ನೊಬ್ಬ ಹಿರಿಯನಿಗೆ, ನಾಲ್ಕು ಜನರೆದುರು, ಪುಕ್ಕಟೆಯಾಗಿ ಅದನ್ನು ಕೊಟ್ಟ. ಹಿರಿಯ ಅದನ್ನು ಪಾಠವೆಂದು ತೆಗೆದುಕೊಳ್ಳಲಿಲ್ಲ, ಸೋಲೆಂದು ತೆಗೆದುಕೊಂಡ. 'ನಿನಗೆ ಇದು ಹೇಗೆ ಗೊತ್ತಾಯಿತು ಮಾರಾಯ?' ಎಂಬ ಒಂದು ಪ್ರಶ್ನೆ ಆ ಕತೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಬಂದಿದ್ದರೆ ಕೈಯೂ ಉಳಿಯುತ್ತಿತ್ತು, ಮಗನೂ ಬೇಗ ಸಿಗುತ್ತಿದ್ದ.

ಕಲಿಸುವ ಔದಾರ್ಯದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಕಲಿಯುವುದಕ್ಕೂ ಔದಾರ್ಯ ಬೇಕು, ಅದರಲ್ಲೂ ಸರೀಕನಿಂದ ಕಲಿಯುವುದಕ್ಕೆ. ಗುರುವಿನ ಕಾಲಿಗೆ ಬೀಳುವುದು ಸುಲಭ. ಅವನು ದೊಡ್ಡವನೆಂದು ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮದೇ ವಯಸ್ಸಿನ, ನಮ್ಮದೇ ಕಸುಬಿನ, ನಿನ್ನೆ ನಮಗೆ ಬರಬೇಕಿದ್ದ ಕೆಲಸವನ್ನು ಪಡೆದುಕೊಂಡ ಮನುಷ್ಯನ ಹತ್ತಿರ ಹೋಗಿ 'ಈ ಬೆರಳಿನ ಸಂದಿಯನ್ನು ಮುರಿಯದ ಹಾಗೆ ಹೇಗೆ ಬಿಡಿಸಿದೆ?' ಎಂದು ಕೇಳುವುದಕ್ಕೆ ಗಟ್ಟಿ ಎದೆ ಬೇಕು. ಅವನೂ ತಿರುಗಿ ಉಳಿಯನ್ನೇ ಕೈಗೆ ಕೊಟ್ಟು, 'ಇಗೋ, ಇಷ್ಟು ಓರೆ ಹಿಡಿ, ಕೊಡತಿ ಹಗುರ ಇರಲಿ' ಎಂದರೆ ಅಲ್ಲಿ ಇಬ್ಬರೂ ಏನನ್ನೋ ಬಿಟ್ಟುಕೊಟ್ಟಿರುತ್ತಾರೆ.

ಬೇಲೂರಿನ ಗುಡಿಯ ಗೋಡೆಯಲ್ಲಿ ಇದರ ಗುರುತುಗಳಿವೆ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮತ್ತೆ ಬೇರೆ ಬೇರೆ ಊರುಗಳಿಂದ ಬಂದವರು. ಬರೀ ಹೆಸರಲ್ಲ, ಬಿರುದುಗಳೂ ಇವೆ, ಎದುರಾಳಿ ರೂವಾರಿಗಳನ್ನು ಸುಟ್ಟು ಬೂದಿ ಮಾಡುವವನು ಎಂಬ ಧಾಟಿಯವು. ಜಂಬಕ್ಕೇನೂ ಕೊರತೆಯಿರಲಿಲ್ಲ! ಆದರೆ ತೊಲೆಯ ಕೆಳಗಿನ ಮದನಿಕೆಯರನ್ನು ಒಬ್ಬೊಬ್ಬರಾಗಿ ನೋಡುತ್ತ ಹೋಗಿ. ಮೈಗಂಟದೆ ಬಿಡಿಬಿಡಿಯಾಗಿ ನಿಲ್ಲುವ ಆಭರಣ, ನೆತ್ತಿಯ ಮೇಲಿನ ಬಳ್ಳಿಯ ಕಮಾನು, ಬಳಪದ ಕಲ್ಲನ್ನು ಜಾಲರಿಯಂತೆ ಕೊರೆದ ರೀತಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿದ್ದು ಕಾಣುತ್ತದೆ. ಆ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿ ತಾಗುತ್ತ ಗಡುಸಾಗುತ್ತದೆ, ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಗೊತ್ತಿರಬೇಕು. ಅಂಥ ಲೆಕ್ಕವನ್ನು ಪ್ರತಿಯೊಬ್ಬನೂ ತಾನೇ ಕಂಡುಹಿಡಿದನೆಂದು ನಂಬಲು ನನಗೆ ಕಷ್ಟ. ಬಿರುದಿನಲ್ಲಿ ವೈರಿಗಳು, ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮಾತಾಡಿಕೊಂಡವರು. ಇದು ನನ್ನ ಊಹೆ. ಗೋಡೆ ನೋಡಿದರೆ ತಪ್ಪೆನಿಸುವುದಿಲ್ಲ.

ನಮ್ಮ ಕಡಲ ದಂಡೆಯಲ್ಲಿ ಅಂಥ ಕಲ್ಲಿಲ್ಲ. ಇಲ್ಲಿ ಅಗೆದರೆ ಸಿಗುವುದು ಚಿರೆಕಲ್ಲು. ಗೋಡೆಗೆ ಒಳ್ಳೆಯದು, ಆದರೆ ಅದರ ತೂತುತೂತು ಮೈಯಲ್ಲಿ ಒಂದು ಮೂಗು ನಿಲ್ಲುವುದಿಲ್ಲ. ಆದರೂ ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯಲ್ಲಿ 16ನೇ ಶತಮಾನದ ಕೈಗಳು ರಾಮಾಯಣವನ್ನೇ ಕೆತ್ತಿವೆ. ಆ ಕೈಗಳ ಹೆಸರು ನಮಗೆ ಉಳಿದಿಲ್ಲ, ಕಟ್ಟಿಸಿದ ವರ್ತಕನ ಹೆಸರು ಉಳಿದಿದೆ. ಇಡಗುಂಜಿಯ ಗಣಪತಿಯನ್ನು ನೋಡಿ: ಎರಡೇ ಕೈ, ನಿಂತ ಭಂಗಿ, ಜೊತೆಗೆ ಇಲಿಯಿಲ್ಲ. ಗೋಕರ್ಣದಲ್ಲೂ ದ್ವಿಭುಜ ಗಣಪತಿಯೇ. ಹೆಸರಿಲ್ಲದ ಯಾರೋ ಶಿಲ್ಪಿ ಯಾರಿಂದಲೋ ಕಲಿತ ರೂಪ ಈ ತೀರದಲ್ಲಿ ಊರಿಂದ ಊರಿಗೆ ನಡೆದು ಹೋಗಿದೆ.

ಆ ಇಡಗುಂಜಿಯ ಮೂಲದ ಶಿಲ್ಪಿ ಗಣೇಶ ಭಟ್ಟರು ಅಯೋಧ್ಯೆಯ ಬಾಲರಾಮನನ್ನು ಕೆತ್ತಲು ಆರಿಸಲಾದ ಮೂವರಲ್ಲಿ ಒಬ್ಬರು. ಇನ್ನಿಬ್ಬರು ಮೈಸೂರಿನ ಅರುಣ್ ಯೋಗಿರಾಜ್ ಮತ್ತು ರಾಜಸ್ಥಾನದ ಸತ್ಯನಾರಾಯಣ ಪಾಂಡೆ. 2024ರ ಜನವರಿ 22ರಂದು ಗರ್ಭಗುಡಿಯಲ್ಲಿ ಪ್ರತಿಷ್ಠೆಯಾದದ್ದು ಅರುಣ್ ಅವರ 51 ಇಂಚಿನ ವಿಗ್ರಹ. ಮೂರು ಕೆತ್ತಿಸಿ ಒಂದನ್ನು ಆರಿಸುವ ಈ ಏರ್ಪಾಟಿನ ಬಗ್ಗೆ ನನಗೆ ಏನೂ ದೂರಿಲ್ಲ. ಆದರೆ ಮಾರನೆಯ ದಿನದಿಂದ ನಾವು ಮಾಡಿದ್ದೇನು? ಗೆದ್ದವರು ಯಾರು, ಸೋತವರು ಯಾರು ಎಂದು ಲೆಕ್ಕ ಹಾಕಿದೆವು. ಮೂರು ಬೇರೆ ಬೇರೆ ಪರಂಪರೆಯ ಕೈಗಳು ಒಂದೇ ಐದು ವರ್ಷದ ಮಗುವಿನ ಮುಖವನ್ನು ಹೇಗೆ ಹೇಗೆ ಯೋಚಿಸಿದವು, ಹಾಲುಗಲ್ಲವನ್ನು ಕಲ್ಲಿನಲ್ಲಿ ತರಲು ಯಾರು ಯಾವ ದಾರಿ ಹಿಡಿದರು ಎಂದು ಕೇಳಿದವರು ಕಡಿಮೆ. ಕಲಿಯುವವರಿಗೆ ಬೇಕಾದ ಪ್ರಶ್ನೆ ಅದು.

ಈ ಕರಾವಳಿಯ ಇನ್ನೊಂದು ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಭಟ್ಕಳದಿಂದ ತೆಂಕಣಕ್ಕೆ, ಕುಂದಾಪುರ ಸೀಮೆಯ ದೇವಲಕುಂದದ ವಾದಿರಾಜರು. ಬೆಂಗಳೂರಿಗೆ ಹೋಗಿ ನೆಲೆಸಿ ಸಾಂಪ್ರದಾಯಿಕ ಶಿಲ್ಪದಲ್ಲಿ ದೊಡ್ಡ ಹೆಸರು ಮಾಡಿದವರು. ಅವರು ಕೆತ್ತಿದ್ದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಯಾರಿಗೆ ಕಲಿಸಿದರು ಎಂಬುದು. ತಿರುಮಕೂಡಲು ನರಸೀಪುರದಲ್ಲಿ 1942ರಲ್ಲಿ ಹುಟ್ಟಿದ ಕನಕಾ ಮೂರ್ತಿ ವಿಜ್ಞಾನ ಪದವೀಧರೆ, ಬೆಂಗಳೂರಿನ ಕಲಾಮಂದಿರದಲ್ಲಿ ಚಿತ್ರಕಲೆ ಕಲಿಯಲು ಹೋದವರು. ಕಲ್ಲು ಕೆತ್ತುತ್ತೇನೆಂದಾಗ ಅವರಿಗೆ ಎದುರಾದ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಹೆಂಗಸಿನ ಕೈಗೆ ಕೊಡತಿಯೇ? ಗರ್ಭಗುಡಿಗೆ ಹೋಗುವ ವಿಗ್ರಹವನ್ನು ಹೆಂಗಸು ಮುಟ್ಟುವುದೇ? ವಾದಿರಾಜರು ಅವರನ್ನು ಶಿಷ್ಯೆಯಾಗಿ ಸ್ವೀಕರಿಸಿದರು.

ಸ್ವೀಕರಿಸಿದರು ಎಂದು ಬರೆಯಲು ಒಂದು ಪದ ಸಾಕು. ಅದರೊಳಗೆ ಏನೆಲ್ಲ ಇರುತ್ತದೆ ಎಂದು ಕೆಲಸ ಗೊತ್ತಿದ್ದವರು ಬಲ್ಲರು. ತಾಳಮಾನ ಹೇಳಿಕೊಡಬೇಕು: ಮುಖದ ಉದ್ದ ಒಂದು ತಾಳ, ಅದು 12 ಅಂಗುಲ, ನವತಾಳದ ವಿಗ್ರಹಕ್ಕೆ 108 ಅಂಗುಲ. ಇದು ಪುಸ್ತಕದಲ್ಲೂ ಸಿಗುತ್ತದೆ. ಕಲ್ಲನ್ನು ತಟ್ಟಿ ದನಿ ಕೇಳಿಸಬೇಕು; ಗಂಟೆಯಂತೆ ನುಡಿಯುವ ಕಲ್ಲು ಯಾವುದು, ಒಳಗೆ ಬಿರುಕಿಟ್ಟುಕೊಂಡು ಮಂದವಾಗಿ ಕೊರಗುವ ಕಲ್ಲು ಯಾವುದು ಎಂದು. ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಕಿವಿಯಲ್ಲೇ ಕೂರಬೇಕು. ಉಳಿಗೆ ಸಾಣೆ ಹಿಡಿಯುವುದು, ಮೊಂಡಾದ ಮೊನೆಯನ್ನು ಕಾಯಿಸಿ ಬಡಿದು ಮತ್ತೆ ಹದ ಕೊಡುವುದು ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಿಷ್ಯೆ ಕಲ್ಲು ಹಾಳು ಮಾಡುವುದನ್ನು ನೋಡುತ್ತ ಸುಮ್ಮನೆ ಕೂರಬೇಕು. ಕಲ್ಲಿನಲ್ಲಿ ಹೋದದ್ದು ಹೋಯಿತು, ಮಣ್ಣಿನಂತೆ ಮತ್ತೆ ಮೆತ್ತಲಾಗುವುದಿಲ್ಲ. ಶಿಷ್ಯೆಯ ಕೈಯಿಂದ ಉಳಿ ಕಿತ್ತುಕೊಂಡು ತಾನೇ ಸರಿಮಾಡುವ ಚಪಲವನ್ನು ಅದುಮಿಟ್ಟುಕೊಳ್ಳುವುದು ಯಾವ ಗುರುವಿಗೂ ಸುಲಭವಲ್ಲ. ಕಿತ್ತುಕೊಂಡರೆ ವಿಗ್ರಹ ಚೆನ್ನಾಗುತ್ತದೆ, ಕಲಿಕೆ ಕೆಡುತ್ತದೆ.

ವಾದಿರಾಜರ ಶಿಷ್ಯೆ ಮುಂದೆ ಗುಡಿಗಳಿಗೆ ದೇವರನ್ನು ಕೆತ್ತಿದರು, ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿಯ ಕುವೆಂಪು ಅವರನ್ನು ಮಾಡಿದರು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ರೈಟ್ ಸೋದರರನ್ನು ರೂಪಿಸಿದರು. 2011ರಲ್ಲಿ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. 2021ರಲ್ಲಿ ಕೋವಿಡ್ ಅವರನ್ನು ಒಯ್ದಿತು. ವಾದಿರಾಜರು ಕಳೆದುಕೊಂಡದ್ದೇನು? ಯೋಚಿಸಿದರೆ ಒಂದೇ: ತಾನೊಬ್ಬನೇ ಎಂಬ ಜಾಗ. ಗುಟ್ಟು ಹೇಳಿಕೊಟ್ಟ ಕಲಾವಿದ ನಿಜವಾಗಿ ಬಿಟ್ಟುಕೊಡುವುದು ಅದನ್ನೇ. ಉಪಾಯಗಳು ಹೇಗೂ ಒಂದಲ್ಲ ಒಂದು ದಿನ ಹೊರಗೆ ಬರುತ್ತವೆ.

ಇಷ್ಟು ಹೇಳಿದ ಮೇಲೆ ಕಲಿತವರ ಕಡೆಗೂ ಒಂದು ಮಾತು. ಈಗ ತೋರಿಸುವವರು ಮೊದಲಿಗಿಂತ ಹೆಚ್ಚಿದ್ದಾರೆ. ಕಾರ್ಕಳದ ಹತ್ತಿರದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಸರೆಯ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆಲಸವನ್ನು ಹುಡುಗರಿಗೆ ಹೇಳಿಕೊಡುತ್ತಾರೆ. ಅಲ್ಲಿ ಯಾವ ಮನೆತನದವನೆಂದು ಕೇಳುವುದಿಲ್ಲ. ಅದೇ ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು, ಶಿಲ್ಪಿಗಳ ಕುಲದಲ್ಲಿ ಹುಟ್ಟದೆಯೂ, ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದವರು. ಬೇಲಿ ಮುರಿದಿದೆ, ಒಳ್ಳೆಯದಾಯಿತು. ಆದರೆ ಮುರಿದ ಬೇಲಿಯಿಂದ ಒಳಬಂದವರೆಲ್ಲ ಕಲಿಯಲು ಬಂದವರಲ್ಲ. ಹಳಬನ ಚಾವಡಿಯಲ್ಲಿ ಕೂತು ರೂಪ ನೋಡಿಕೊಂಡು, ಅದಕ್ಕೆ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ನೂರಾರು ಎರೆದು ಪೇಟೆಗೆ ಹಾಕಿದವರೂ ಇದ್ದಾರೆ. ಮಣ್ಣಿನ ಗಣಪತಿಯ ಬೆಲೆ ಕುಸಿದದ್ದು ಹಾಗೆ. ಈಗ ಪ್ಲಾಸ್ಟರಿಗೆ ನಿಷೇಧವಿದೆ, ಆದರೂ ಅದು ಹೇಗೋ ನುಸುಳಿ ಬರುತ್ತಲೇ ಇದೆ. ಮರದ ಬಾಗಿಲಿಗೆ ಕಂಪ್ಯೂಟರ್ ಯಂತ್ರ ಬಂದಿದೆ. ಒಬ್ಬ ಕುಶಲಕರ್ಮಿ ಬಿಡಿಸಿದ ಬಳ್ಳಿಯನ್ನು ಒಮ್ಮೆ ಅದಕ್ಕೆ ಉಣಿಸಿದರೆ ಸಾಕು, ಮತ್ತೆ ಅವನನ್ನು ಕರೆಯಬೇಕಿಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಬಳ್ಳಿ ಯಾರದೆಂದು ಹೇಳದೆ ಮಾರುವವರ ಮೇಲೆ ಇದೆ. ಮುಂದಿನ ಸಲ ಆ ಕುಶಲಕರ್ಮಿಯ ಮನೆಗೆ ಕಲಿಯಲು ಬಂದ ಹುಡುಗನಿಗೆ ಬಾಗಿಲು ಅರ್ಧವೇ ತೆರೆದರೆ ತಪ್ಪು ಯಾರದು?

ಎರಡು ನಿಮಿಷದ ಪಾಠವನ್ನು ಪುಕ್ಕಟೆ ಪಡೆದವನಿಗೆ ಅದನ್ನು ಕೊಟ್ಟವನ ಗಿರಾಕಿಯನ್ನು ಸೆಳೆಯುವ ಹಕ್ಕಿಲ್ಲ. ಕಾನೂನು ಹಾಗೆನ್ನುವುದಿಲ್ಲ, ನಾನು ಹೇಳುತ್ತೇನೆ. ಅದೇ ಊರಿನಲ್ಲಿ ಅದೇ ಕೆಲಸವನ್ನು ಅವನಿಗಿಂತ ಕಡಿಮೆ ಬೆಲೆಗೆ ಮಾಡಿಕೊಡಬಾರದು. ತನ್ನ ಕೆಲಸವನ್ನು ಯಾರಾದರೂ ಹೊಗಳಿದಾಗ ಅವನ ಹೆಸರನ್ನು ಮೊದಲು ಹೇಳಬೇಕು. ಅವನ ಮಕ್ಕಳು ಕೇಳಿ ಬಂದರೆ, ತಾನು ಆಮೇಲೆ ಸ್ವಂತವಾಗಿ ಕಂಡುಕೊಂಡದ್ದನ್ನೂ ಸೇರಿಸಿ, ಅವರಿಗೆ ತೋರಿಸಬೇಕು.

ಕುಮಟಾ, ಹೊನ್ನಾವರಗಳಲ್ಲಿ, ಘಟ್ಟದ ಮೇಲೆ ಶಿರಸಿ, ಸಾಗರಗಳಲ್ಲಿ ಕೆತ್ತುವ ಹಿರಿಯರು ಇನ್ನೂ ಇದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದಾರೆ. ಎಷ್ಟೋ ಮನೆಗಳಲ್ಲಿ ಉಳಿಗಳು ಗೋಣಿಚೀಲದಲ್ಲಿ ಸುತ್ತಿ ಅಟ್ಟ ಸೇರಿವೆ. ಕಲಿಯುವ ಆಸೆ ನಿಮಗೋ ನಿಮ್ಮ ಮನೆಯ ಮಕ್ಕಳಿಗೋ ಇದ್ದರೆ ಅವರ ಮನೆಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಒಂದು ತುಂಡು ಶಿವನಿ ಮರ ತೆಗೆದುಕೊಂಡು ಹೋಗಿ, ಅವರ ದಿನದ ಕೂಲಿ ಎಷ್ಟೆಂದು ಕೇಳಿ, ಅದನ್ನು ಮೊದಲೇ ಕೈಗೆ ಕೊಟ್ಟು ಎದುರಿಗೆ ಕೂರಿ. ಚೌತಿಗೆ ಗಣಪತಿಯನ್ನು ತರುವಾಗ ಚೌಕಾಶಿ ಮಾಡಬೇಡಿ.